ಕಾಲಂ ಏಳು

ಸೊಸೈಟಿಯ ಟ್ಯಾಬಿನಲ್ಲಿ ಹದಿನಾಲ್ಕು ಕಾಲಂ.
ಕಂಪನಿ ಕಳಿಸಿದ್ದು; ಯಾರೋ ಕನ್ನಡಕ್ಕೆ ಮಗುಚಿ ಹಾಕಿದ್ದಾರೆ:
‘ದಯವಿಟ್ಟು ಕುರಿಯ ವಿಳಾಸ ನಮೂದಿಸಿ.’

ಕ್ಯಾತಣ್ಣ ನಕ್ಕ, ಬೇವಿನಕಡ್ಡಿ ಬಾಯಲ್ಲೇ ಇಟ್ಟುಕೊಂಡು.
ಕಾರ್ತೀಕದಲ್ಲಿ ದೊಡ್ಡೇರಿ ಕಡೆ, ಶೇಂಗಾ ಕಿತ್ತ ಹೊಲ,
ಮಂದೆ ಕಟ್ಟಿಸಿಕೊಂಡವನು ರಾತ್ರಿಗಿಷ್ಟು ಸೇರು ರಾಗಿ ಕೊಡುತ್ತಾನೆ.
ಆಮೇಲೆ ವೇದಾವತಿಯ ಒಣ ಪಾತ್ರ, ಜಾಲಿಕಾಯಿ ಮುಗಿಯುವ ತನಕ.
ಆಮೇಲೆ ಕಾವಲು...
ಅಲ್ಲ, ಅದಕ್ಕೀಗ ಗೋಡೆ ಬಂದಿದೆ.
“ಗೋಡೆ ಪಕ್ಕ ಅಂತ ಬರ್ಕೊಳವ್ವ.
ಎಷ್ಟುದ್ದ ಅಂತ ಕೇಳಿದ್ರೆ
ಬಂದು ನಡೆದು ನೋಡ್ಲಿ.”

ಟ್ಯಾಬು ಒಂದೇ ಊರು ಕೇಳುತ್ತದೆ.
ಚಳ್ಳಕೆರೆ ಎಂದು ಒತ್ತಿದೆ.

ಬಣ್ಣದ ಕಾಲಮ್ಮಿನಲ್ಲಿ ಮೂರೇ ಆಯ್ಕೆ:
ಸಸ್ಯಜನ್ಯ, ಖನಿಜ, ರಾಸಾಯನಿಕ.
ಬಣ್ಣವನ್ನೇ ಹಾಕಿಲ್ಲ ಸ್ವಾಮಿ, ಕುರಿಯೇ ಕಪ್ಪು ಎನ್ನಲು
ಗುಂಡಿಯಿಲ್ಲ.
ಹೋದ ಸಲದ ಗಂಟು ವಾಪಸು ಬಂದದ್ದೂ ಹಾಗೇ,
‘ಹನ್ನೆರಡು ಕಂಬಳಿ, ಹನ್ನೆರಡು ಕಪ್ಪು. ಒಂದೇ ಛಾಯೆ ಬೇಕು’ ಎಂದು.
ಮರಿಯ ಮೊದಲ ಕತ್ತರಿಯ ಕಪ್ಪು ಬೇರೆ,
ಬಿಸಿಲು ತಿಂದು ತುದಿ ಕೆಂಚಾದ ಮುದಿ ಕುರಿಯ ಕಪ್ಪು ಬೇರೆ.
ಮಾಳಕ್ಕ ಹಂಜಿ ಎಳೆಯುತ್ತ ಕೇಳಿದಳು:
“ಅವ್ರ ಆಫೀಸ್ನಾಗೆ ಎಲ್ರ ತಲೆಗೂದ್ಲೂ ಒಂದೇ ಕಪ್ಪಾ?”

‘ಅಂಟಿನ ತಯಾರಕರು’ ಎಂಬಲ್ಲಿ ಹುಣಸೆಮರ ಎಂದು ತುಂಬಿದೆ.
ಒಪ್ಪಿಕೊಂಡಿತು.

‘ನ್ಯಾಯಯುತ ಕೂಲಿ: ಹೌದು, ಇಲ್ಲ.’
ಮಾಳಕ್ಕನಿಗೆ ಓದಿ ಹೇಳಿದೆ.
ನ್ಯಾಯ ಅಂದ್ರೆ ಎಷ್ಟು, ಅಂದಳು.
ಕೀಟಲೆಯಲ್ಲ. ನಿಜಕ್ಕೂ ಮೊತ್ತ ಕೇಳಿದಳು,
ಕದಿರು ತಿರುಗುವುದು ಒಂದು ಗಳಿಗೆ ನಿಂತಿತ್ತು.

ಕಂಬಳಿಯಲ್ಲಿ ಬುತ್ತಿ ಕಟ್ಟಿ ಕೂದಲು ಆರಿಸಿದರಂತೆ.
ನನ್ನ ಸಂಬಳ ಆರಿಸುವುದಕ್ಕೇ.

ಈಗ ಕಾಲಂ ಏಳು:
‘ನೂಲು ನೂರಕ್ಕೆ ನೂರು ದೇಸಿ ಉಣ್ಣೆಯೇ?’

ಗುಂಡಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕೂತ ಭರಮಣ್ಣ
ಲಾಳಿ ತಡೆದ. ತಲೆ ಎತ್ತಲಿಲ್ಲ.
ನನಗೆ ಗೊತ್ತು. ಅವನಿಗೂ ಗೊತ್ತು, ನನಗೆ ಗೊತ್ತೆಂದು.
ಹುಣ್ಣಿಮೆ ಆದಮೇಲೆ ಬಸ್ಸಿನ ಟಾಪಿನಲ್ಲಿ ಬಂದ ಮೂಟೆ,
ಪಾಣಿಪತ್ತಿನ ನೂಲು, ಯಾರದೋ ಹಳೇ ಸ್ವೆಟರುಗಳ ಪುಡಿ,
ಅದರಲ್ಲೊಮ್ಮೆ ಹಸಿರು ಗುಂಡಿಯ ಚೂರೂ ಸಿಕ್ಕಿತ್ತು.

ಹೊರಗೆ ಬೇಲಿಯ ಮೇಲೆ
ಕ್ಯಾತಣ್ಣ ಎಸೆದು ಹೋದ ಉಣ್ಣೆ ಹಾಗೇ ನೇತಾಡುತ್ತಿದೆ.
ಕತ್ತರಿಯವನ ಕೂಲಿಯ ಅರ್ಧವೂ ಅದಕ್ಕೆ ಹುಟ್ಟುವುದಿಲ್ಲ.
ಅವನ ತಮ್ಮನ ಹಟ್ಟಿಯಲ್ಲಿ ಈಗ ನೆಲ್ಲೂರು ತಳಿ,
ನುಣ್ಣನೆ ಮೈ, ಕತ್ತರಿಯೇ ಬೇಡ, ತೂಕಕ್ಕೆ ಹೋಗುತ್ತವೆ.
ಹೊರಗೆ ಉಣ್ಣೆ, ಒಳಗೆ ಕೊಂಡ ನೂಲು.
ಯಾರಿಗಾದರೂ ಹೇಗೆ ತಿಳಿಸಲಿ:
ಬರ ಉಣ್ಣೆಗಲ್ಲ, ಬೆರಳಿಗೆ.
ಇಡೀ ಕೇರಿಗೆ ನೂಲುವವರು ಮೂವರು,
ಅದರಲ್ಲೊಬ್ಬಳಿಗೆ ಕಣ್ಣಿನ ಪೊರೆ.

“ಬರಿ,” ಅಂದ ಭರಮಣ್ಣ.
ನೇಯ್ದ ಪಟ್ಟಿಯ ಮೇಲೆ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದ.
“ಇಲ್ಲಿಂದ ಇಲ್ಲೀಗಂಟ ನಮ್ದು. ಇಲ್ಲಿಂದಾಚೆ ಹೊಕ್ಕು ಅವ್ರದ್ದು.
ಒಂದು ಮಳೆ ಬಿದ್ರೆ ಅದೇ ಹೇಳ್ತದೆ.
ಅದಕ್ಕೆ ಮೊದ್ಲು ನೀನೇ ಹೇಳು.”

ನೂರಕ್ಕೆ ಅರವತ್ತು ಎಂದು ಒತ್ತಿದೆ.
ಪರದೆ ಕೆಂಪಾಯಿತು. ‘ಅಮಾನ್ಯ. ಮತ್ತೊಮ್ಮೆ ಪ್ರಯತ್ನಿಸಿ.’
ಮತ್ತೊಮ್ಮೆ ಅರವತ್ತು.

ಆಮೇಲೆ ಬೇಲಿಗೆ ಹೋಗಿ
ಮುಳ್ಳು ಬಿಡಿಸಿ ಒಂದು ಬೊಗಸೆ ತಂದೆ.
ಕೈಗೆ ಜಿಡ್ಡು, ಹಿಕ್ಕೆಯ ವಾಸನೆ, ಒಂದು ಉಣ್ಣೆಹುಳ.
ಮಾಳಕ್ಕ ಸರಿದು ಜಾಗ ಕೊಟ್ಟಳು, ಏನೂ ಕೇಳಲಿಲ್ಲ.

ಮೂರು ಮೊಳ ಬಂದು ನೂಲು ಹರಿಯಿತು.
“ಉಗುಳು ಹಚ್ಚಿ ಹೊಸೆ,” ಅಂದಳು.
ಹೊಸೆದೆ. ಮತ್ತೆ ಹರಿಯಿತು.
ಮಗ್ಗದ ಕಟ್ಟೆಯ ಮೇಲೆ ಟ್ಯಾಬು
ಯಾರೂ ಮುಟ್ಟದೆ ತಾನಾಗಿ ಕಪ್ಪಾಯಿತು,
ಅದೊಂದು ಹದಿಮೂರನೆಯ ಕಪ್ಪು.